ಭೀಮನ ಸಂಬಂಧ

ಮೂಡುಬಿದಿರೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಶೋಧನನಿಗೆ ಎರಡು ವಿಷಯಗಳಲ್ಲಿ ವಿಪರೀತ ಜಂಬ. ಒಂದು ತನ್ನ ಮೀಸೆ, ಇನ್ನೊಂದು ತನ್ನ ಜರ್ಮನ್ ಶೆಫರ್ಡ್ ಗಂಡುನಾಯಿ ಭೀಮ. ಮೀಸೆಯನ್ನು ಕಂಡ ಹೆಣ್ಣಿನ ಕಡೆಯವರು ಕಾಫಿ ಕುಡಿಸಿ ಕಳಿಸಿಬಿಡುತ್ತಿದ್ದರು. ಭೀಮನಿಗೆ ಮಾತ್ರ ಊರೂರಿನಿಂದ ಬೇಡಿಕೆಯಿತ್ತು.

ಆದಿತ್ಯವಾರ ಬೆಳಿಗ್ಗೆ ನೆರೆಮನೆಯ ರಾಜೀವಿಯಕ್ಕ ಸುದ್ದಿ ತಂದರು. "ಲಾಯಿಲದ ಚಿನ್ನಯ್ಯಣ್ಣನ ಮಗಳು ದೀಕ್ಷಿತಾ ತನ್ನ ರಾಣಿಗೆ ಇದೇ ಜಾತಿಯ ಗಂಡುನಾಯಿ ಹುಡುಕ್ತಾ ಇದ್ದಾಳಂತೆ. ಹುಡುಗಿಗೆ ಬ್ಯಾಂಕಿನಲ್ಲಿ ಕೆಲಸ. ನೋಡ್ಲಿಕ್ಕೂ ಚಂದ ಉಂಟು."

"ಹೆಣ್ಣುನಾಯಿ ಗಂಡಿನ ಮನೆಗೆ ಬರುವುದು ಕ್ರಮ ಅಕ್ಕ. ನಮ್ಮ ಭೀಮ ಯಾರ ಬಾಗಿಲಿಗೂ ಹೋಗುವವನಲ್ಲ."

"ಕ್ರಮ ಕಟ್ಕೊಂಡು ಮೂಲೆಯಲ್ಲಿ ಕೂತ್ಕೊ! ನಾಯಿಯನ್ನು ನೋಡುವಾಗ ನಿನ್ನನ್ನೂ ನೋಡ್ತಾರಲ್ಲ ಮಾರಾಯ?"

ಶೋಧನನ ಕ್ರಮ ಅಲ್ಲಿಗೇ ಕರಗಿತು. ದುಬೈಯಿಂದ ರಜೆಗೆ ಬಂದಿದ್ದ ಎದುರು ಮನೆಯ ಅಝೀಮ್ ಹೊರಡುವ ಹೊತ್ತಿಗೆ ಓಡಿ ಬಂದು ಯಜಮಾನ, ನಾಯಿ ಇಬ್ಬರಿಗೂ ಧಾರಾಳವಾಗಿ ಅತ್ತರು ಪೂಸಿದ.

ಕಾರು ವೇಣೂರು ದಾಟುವಾಗ ಭೀಮ ಸೀನಿ ಸೀನಿ ಸುಸ್ತಾಗಿದ್ದ. ಗುರುವಾಯನಕೆರೆ ಬರುವಷ್ಟರಲ್ಲಿ ಬೆಳಗಿನ ಗಂಜಿಯನ್ನೆಲ್ಲ ಯಜಮಾನನ ಬಿಳಿ ಪ್ಯಾಂಟಿನ ಮೇಲೆ ಕಾರಿದ.

ಲಾಯಿಲದ ಅಂಗಳದಲ್ಲಿ ರಾಣಿ ಒಮ್ಮೆ ಬೊಗಳಿದ್ದೇ ತಡ, ನಮ್ಮ ವೀರ ಜಗಲಿಯ ಬೆಂಚಿನ ಅಡಿಗೆ ನುಗ್ಗಿದ. ಶೋಧನ್ ಮಂಡಿಯೂರಿ ತಾನೂ ಅಡಿಗೆ ನುಸುಳಿದ. "ಬಾ ಮಗನೇ, ಮರ್ಯಾದೆ ತೆಗೀಬೇಡ" ಎಂದು ಗೋಗರೆಯುವಾಗ ದೀಕ್ಷಿತಾ ಹೊರಗೆ ಬಂದು ಕಿಲಕಿಲ ನಕ್ಕಳು. ಬೆಂಚಿನ ಅಡಿಯಲ್ಲೇ ಶೋಧನ್ ಆ ನಗುವಿಗೆ ಮಾರುಹೋದ. ಇವಳು ಬೇಡ ಎಂದರೆ ಇನ್ನು ಹೆಣ್ಣು ನೋಡುವುದೇ ಇಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡ.

ಅಷ್ಟರಲ್ಲಿ ರಾಣಿ ಮೆಲ್ಲಗೆ ಬಂದು ಭೀಮನ ಕಿವಿ ನೆಕ್ಕಿದಳು. ಚಿನ್ನಯ್ಯನವರು ಶೋಧನನನ್ನು ಕುಳ್ಳಿರಿಸಿ ವಿಚಾರಣೆಗೆ ತೊಡಗಿದರು.

"ಮನೆಯಲ್ಲಿ ಯಾರೆಲ್ಲ ಇದ್ದೀರಿ?"

"ಅಮ್ಮ ಮತ್ತೆ ನಾನು. ಅಮ್ಮ ಬಹಳ ಪಾಪ."

"ಕುಡಿಯುವುದು ಉಂಟಾ?"

"ಕಾಫಿ ಮಾತ್ರ."

"ಸಿಟ್ಟು ಬರ್ತದಾ?" ಇದನ್ನು ಕೇಳಿದವಳು ದೀಕ್ಷಿತಾ.

"ಈ ಪ್ಯಾಂಟು ನೋಡಿ. ಭೀಮನಿಗೆ ಒಂದು ಮಾತು ಬೈದಿದ್ದರೆ ಕೇಳಿ!"

ಅಪ್ಪ ಮಗಳು ಒಳಗೆ ಹೋಗಿ ಪಿಸುಗುಟ್ಟಿದರು. ಶೋಧನ್ ಮೀಸೆ ತಿರುವಿದ. ಹೊರಗೆ ಬಂದಾಗ ದೀಕ್ಷಿತಾಳ ಕಣ್ಣು ಒದ್ದೆಯಾಗಿತ್ತು.

"ಇಂಥ ಮನೆ ಪುನಃ ಸಿಗ್ಲಿಕ್ಕಿಲ್ಲ ಅಪ್ಪ. ಕೊಡುವ."

"ನನಗೂ ಒಪ್ಪಿಗೆ!" ಎಂದು ಯಾರೂ ಕೇಳುವ ಮೊದಲೇ ಶೋಧನ್ ಎದ್ದು ನಿಂತ. ಮೂಡುಬಿದಿರೆಯಿಡೀ ತನ್ನನ್ನು ನೋಡುತ್ತಿರುವಂತೆ ಅವನ ಎದೆ ಉಬ್ಬಿತು.

ಚಿನ್ನಯ್ಯನವರು ಅವನ ಕೈ ಹಿಡಿದುಕೊಂಡರು. "ದೊಡ್ಡ ಉಪಕಾರ ಆಯ್ತು ಮಾರಾಯ್ರೇ. ಇವಳಿಗೆ ಬಂಟ್ವಾಳದ ಹುಡುಗನ ಜೊತೆ ಮದುವೆ ನಿಶ್ಚಯ ಆಗಿದೆ. ಹುಡುಗನ ತಾಯಿಗೆ ನಾಯಿ ಅಂದ್ರೆ ಆಗುವುದಿಲ್ಲ. ರಾಣಿಯನ್ನು ಅದೇ ಜಾತಿಯ ಜೊತೆಗಾರ ಇರುವ ಒಳ್ಳೆಯ ಮನೆಗೆ ಸೇರಿಸದೆ ಹಸೆಮಣೆ ಏರುವುದಿಲ್ಲ ಅಂತ ಇವಳದ್ದು ಒಂದೇ ಹಠ. ಇವತ್ತೇ ಕರ್ಕೊಂಡು ಹೋಗಿ."

ತಿರುವಿದ್ದ ಮೀಸೆಯನ್ನು ಶೋಧನ್ ಮೆಲ್ಲಗೆ ಕೆಳಕ್ಕೆ ಸವರಿಕೊಂಡ. ದೀಕ್ಷಿತಾ ರಾಣಿಯ ಹಣೆಗೆ ಕುಂಕುಮ ಇಟ್ಟು, ಕೊರಳಿಗೆ ಮಲ್ಲಿಗೆ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬಿಕ್ಕಿದಳು. "ಮುದ್ದಿನಿಂದ ಬೆಳೆದವಳು, ಬೈಯಬೇಡಿ ಆಯ್ತಾ? ನಿಮ್ಮಂಥವರ ಮನೆ ಸೇರ್ಲಿಕ್ಕೆ ನಿಜವಾಗಿ ಪುಣ್ಯ ಮಾಡಿರಬೇಕು."

ಶೋಧನ್ ಮುಂದಿನ ಬಾಗಿಲು ತೆರೆದು ಭೀಮನನ್ನು ಕರೆದ. ಭೀಮ ಅವನ ಕಡೆ ತಿರುಗಿಯೂ ನೋಡದೆ ಹಿಂದಿನ ಸೀಟಿಗೆ ಹಾರಿ, ರಾಣಿಯ ಪಕ್ಕದಲ್ಲಿ ಮದುಮಗನ ಗತ್ತಿನಲ್ಲಿ ಕುಳಿತ. ಶೋಧನ್ ಗಂಜಿ ಮೆತ್ತಿದ ಪ್ಯಾಂಟಿನಲ್ಲೇ ಸ್ಟೀರಿಂಗ್ ಹಿಡಿದು, ದಿಬ್ಬಣದ ಕಾರಿನ ಡ್ರೈವರಿನಂತೆ ಬಲು ಜೋಪಾನವಾಗಿ ಗೇರು ಹಾಕಿದ.