ಸಂದೇಶದ ಕೆಳಗೆ ನನ್ನ ಹೆಸರು

ತಪ್ಪು ಮಾಡುವುದು ಯಂತ್ರ, ಬೈಸಿಕೊಳ್ಳುವುದು ನಾನು. ಕಾರವಾರದ ಬೈತಖೋಲದ ನಮ್ಮ ಮೀನುಗಾರರ ಸಂಘದಲ್ಲಿ ಇದು ಇವತ್ತು ಮುಗೀತು ಅಂದರೆ ನಾಳೆ ಮತ್ತೆ ಶುರುವಾಗುತ್ತದೆ.

ನಾನು ಅಲ್ಲಿ ಗುಮಾಸ್ತೆ, ಎಲ್ಲರೂ ಮರ್ಯಾದೆಗೆ ‘ಬಾಯಿ’ ಎನ್ನುತ್ತಾರೆ. ಮೊದಲೆಲ್ಲ ಸದಸ್ಯರಿಗೆ ಏನಾದರೂ ತಿಳಿಸುವುದಿದ್ದರೆ ಮೊಬೈಲಿನಲ್ಲಿ ನಾನೇ ಎರಡು ಸಾಲು ಹಾಕುತ್ತಿದ್ದೆ. ಅಧ್ಯಕ್ಷರಿಗೆ ಅದು ಸಾಕಾಗಲಿಲ್ಲ. ಹುಬ್ಬಳ್ಳಿಯ ಒಂದು ಕಂಪನಿಯವರನ್ನು ಹಿಡಿದು ಎಐ ಹಾಕಿಸಿದರು. ಸಂದೇಶ ತಾನೇ ಬರೆಯುತ್ತದೆ, ತಾನೇ ಕಳಿಸುತ್ತದೆ, ಮೀನಿಗೆ ಹಾಕುವ ಬರ್ಫದ, ಅಂದರೆ ಐಸಿನ, ಆರ್ಡರನ್ನೂ ತಾನೇ ಕೊಡುತ್ತದೆ. ಆದರೆ ಪ್ರತಿ ಸಂದೇಶದ ಕೆಳಗೆ ಹೆಸರು ಮತ್ತು ಫೋನ್ ನಂಬರು ಮಾತ್ರ ನನ್ನದು! ತಿದ್ದೋಣವೆಂದರೆ ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರ. "ನೀವು ಹೆಂಗಸರು ಏನಾದ್ರೂ ಒತ್ತಿ ಹಾಳ್ಮಾಡ್ತೀರಿ" ಅಂದರು. ಅವತ್ತಿನಿಂದ ನನಗೆ ಒಂದೇ ಹಟ. ಅಲ್ಲಿಂದ ನನ್ನ ಹೆಸರು ತೆಗೆಸಬೇಕು.

೧. ಮಳೆಗಾಲದ ಬರ್ಫ

ಜೂನ್, ಜುಲೈನಲ್ಲಿ ಟ್ರಾಲರುಗಳು ಕಡಲಿಗೆ ಇಳಿಯುವಂತಿಲ್ಲ. ಇದು ಬೈತಖೋಲದ ಬೆಕ್ಕುಗಳಿಗೂ ಗೊತ್ತು. ಬೋಟು ನಿಲ್ಲುವ ಧಕ್ಕೆ ಬಿಟ್ಟು ಊರೊಳಗೆ ಹೋಗಿಬಿಡುತ್ತವೆ. ಎಐಗೆ ಮಾತ್ರ ಯಾರೂ ಹೇಳಿರಲಿಲ್ಲ. ಜಡಿಮಳೆಯಲ್ಲಿ ಒಂದು ಬೆಳಿಗ್ಗೆ ಎಲ್ಲರಿಗೂ ಸಂದೇಶ ಹೋಯಿತು: "ಕಡಲು ಶಾಂತವಾಗಿದೆ. ಬರ್ಫ ಸಿದ್ಧವಿದೆ. ಶುಭವಾಗಲಿ!" ಹಿಂದೆಯೇ ಲಾರಿ ತುಂಬ ಬರ್ಫ ಬಂದು ಅಂಗಳದಲ್ಲಿ ರಾಶಿ ಬಿತ್ತು.

ನಾನು ಅಧ್ಯಕ್ಷರ ಹತ್ತಿರ ಓಡಿದೆ. "ವರ್ಷ ವರ್ಷ ಅದಕ್ಕೆ ಬೋಟು ಇಳಿಯದ ದಿನ, ತಾರೀಕು ಹೊಸದಾಗಿ ತುಂಬಬೇಕು ಸಾಹೇಬರೇ" ಎಂದೆ.

"ಅದು ಬುದ್ಧಿ ಇರೋ ಯಂತ್ರ ಬಾಯಿ, ತಾನೇ ತಿಳ್ಕೊಳ್ತದೆ" ಅಂದರು.

ಬುದ್ಧಿಯಂತೆ ಬುದ್ಧಿ! ಕಿಟಕಿ ಆಚೆ ಮಳೆ ಬರುತ್ತಿದೆ ಅಂತ ಗೊತ್ತಾಗದ ಬುದ್ಧಿ! ಅಷ್ಟರಲ್ಲಿ ದೊಡ್ಡ ಟ್ರಾಲರಿನ ತಾಂಡೇಲ, ಅಂದರೆ ಬೋಟು ನಡೆಸುವ ಯಜಮಾನ, ಕೊಡೆ ಮಡಚುತ್ತ ಒಳಗೆ ಬಂದ.

"ಎಂತ ಬಾಯಿ, ನನ್ನ ಬೋಟು ದಡದ ಮೇಲೆ ಮಲಗಿದೆ. ನಿಮ್ಮ ಬರ್ಫದ ಮೇಲೆ ಜಾರಿಸ್ಕೊಂಡು ಹೋಗ್ಬೇಕಾ?"

೨. ಚೌತಿಯ ದಿನದ ಇಸ್ವಣ

ಹಬ್ಬ ಬಂದಾಗಲೆಲ್ಲ ಶುಭಾಶಯದ ಜೊತೆ ಒಂದು ಮೀನಿನ ಅಡಿಗೆಯನ್ನೂ ಹೇಳಬೇಕೆಂದು ಯಾರೋ ಅದಕ್ಕೆ ಕಲಿಸಿಟ್ಟಿದ್ದರು. ಯಾವ ಹಬ್ಬಕ್ಕೆ ಬೇಡ ಎಂದು ಕಲಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಓದು ಬಾರದವರಿಗೆ ಅನುಕೂಲವಾಗಲಿ ಅಂತ ಸಂದೇಶ ಹೆಂಗಸಿನ ದನಿಯಲ್ಲಿ ಬೇರೆ ಹೋಗುತ್ತದೆ.

ಚೌತಿಯ ದಿನ ಅಂಕೋಲೆಯಿಂದ ಫೋನು ಬಂತು. ಅಲ್ಲಿಯ ಪೇಟೆಯಲ್ಲಿ ಮೀನು ಮಾರುವ ಅಕ್ಕ, ನಮ್ಮ ಸಂಘದ ಹಳೇ ಸದಸ್ಯೆ.

"ಏ ತಂಗಿ, ತಲೆ ಸಮಾ ಇದ್ಯೇ ನಿಂಗೆ? ಮನೆಯಲ್ಲಿ ಗಣಪತಿ ಕೂತಿದ್ದಾನೆ. ಭಟ್ರು ಆರತಿ ಎತ್ತಿದ್ದಾರೆ. ಮೊಬೈಲು ಮುಟ್ಟಿದ್ದೇ ತಡ, ‘ಇಸ್ವಣ ಮೀನಿನ ತುಂಡಿಗೆ ಮಸಾಲೆ ಹಚ್ಚಿ ಅರ್ಧ ತಾಸು ಇಡಿ’ ಅಂತ ದೊಡ್ಡದಾಗಿ ಒದರ್ತು!"

"ಅಯ್ಯೋ ಅಕ್ಕಾ, ಅದು ನಾನಲ್ಲ, ಎಐ!"

"ಹೌದೇ? ಭಟ್ರು ಆರತಿ ಹಿಡ್ಕೊಂಡೇ ‘ಯಾರದು?’ ಕೇಳಿದ್ರು. ಕೆಳಗೆ ಇದ್ದ ಹೆಸರು ನಮ್ಮ ಮೊಮ್ಮಗಳು ಓದಿ ಹೇಳ್ತು. ಅವರು ನಿನ್ನ ಹೆಸರಲ್ಲೇ ಒಂದು ಪ್ರಾಯಶ್ಚಿತ್ತ ಮಾಡಿ ಮುಗಿಸಿದ್ರು."

೩. ದೂರು

ಸಿಟ್ಟು ನೆತ್ತಿಗೇರಿತು. ಕಂಪನಿಗೆ ಫೋನು ಮಾಡಿದೆ. "ಮೇಡಂ, ದೂರಿನ ಜಾಗದಲ್ಲಿ ಬರೆದು ಹಾಕಿ" ಅಂದರು. ಹಾಕಿದೆ. ಮೆಣಸು ಅರೆದ ಹಾಗೆ ಬರೆದೆ. ಹಳಸಿದ ಮಾಹಿತಿ ಕಳಿಸುತ್ತೀರಿ, ನಾಚಿಕೆಯಾಗುವುದಿಲ್ಲವೇ, ಮೊದಲು ಆ ಹೆಸರು ತೆಗೆಯಿರಿ, ಎಂದೆಲ್ಲ.

ಮರುಗಳಿಗೆ ನನ್ನ ಫೋನೇ ಟಿಣ್ ಅಂದಿತು: "ನಿಮ್ಮ ಮೇಲೆ ಒಂದು ದೂರು ಬಂದಿದೆ. ಕೂಡಲೇ ಪರಿಹರಿಸಿ." ಕೆಳಗೆ ಹೆಸರಿರುವುದು ನನ್ನದಲ್ಲವೇ, ದೂರೂ ನನಗೇ ಬಂತು. ಅದರ ಒಂದು ಪ್ರತಿ ಅಧ್ಯಕ್ಷರಿಗೂ ಹೋಗಿತ್ತು. ಒಳಗೆ ಕರೆದರು.

"ಎಂತ ಕೆಲ್ಸ ಮಾಡ್ತೀರಿ ನೀವು? ಯಾರೋ ಎಷ್ಟು ಖಾರವಾಗಿ ಬರ್ದಿದ್ದಾರೆ ನೋಡಿ."

"ಬರೆದದ್ದು ನಾನೇ."

"ಹಾಗಾದ್ರೆ ನಿಮ್ಮ ಕೆಲ್ಸ ನಿಮಗೇ ಸಮಾಧಾನ ಇಲ್ಲ ಅಂತಾಯ್ತು!"

೪. ಹೆಸರು ತೆಗೆದ ದಿನ

ಕೊನೆಗೆ ನಾನು ಹೇಳಿಯೇಬಿಟ್ಟೆ: "ಹೆಸರು ತೆಗೀದಿದ್ರೆ ನಾಳೆಯಿಂದ ಬರೂದಿಲ್ಲ." ಅಧ್ಯಕ್ಷರು ಹೆದರಿ, ಸಂಜೆ ತಾವೇ ಕಂಪ್ಯೂಟರ್ ಮುಂದೆ ಕೂತು ನನ್ನ ಹೆಸರು ಅಳಿಸಿದರು. ಅಬ್ಬಾ! ಅವತ್ತು ನಮ್ಮೂರು ಕಿನ್ನರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಯಾಗಿ ಮನೆಗೆ ಹೋದೆ. ಇನ್ನು ಯಾರ ಬೈಗುಳವೂ ಬೇಡವೆಂದು ಫೋನು ಬಂದ್ ಮಾಡಿಟ್ಟೆ.

ನಮ್ಮ ಸಂಘದಲ್ಲಿ ಹೆಸರು ತೆಗೆಯುವ ಪದ್ಧತಿಯೇ ಇಲ್ಲ. ಗೋವೆಯ ಬೋಟಿಗೆ ಹೋಗಿ ಅಲ್ಲೇ ನಿಂತವರ ಹೆಸರೂ ಇದೆ. ತೆಗೆಯುವುದು ಸತ್ತಾಗ ಮಾತ್ರ. ಹೆಸರು ಅಳಿಸಿದರೆ ಸತ್ತರೆಂದೇ ತಿಳಿದು ಎಲ್ಲರಿಗೂ ಸುದ್ದಿ ಕಳಿಸಬೇಕೆಂದು ಕಂಪನಿಯವರಿಗೂ ಅಧ್ಯಕ್ಷರು ಹೇಳಿದ್ದರಂತೆ. ಹೆಸರು ಹೋಯಿತು, ಎಐ ತನ್ನ ಕೆಲಸ ಮಾಡಿತು. ಕಾರವಾರ, ಅಂಕೋಲೆಯ ಎಲ್ಲ ಸದಸ್ಯರಿಗೂ ಬೆಳಗಾಗುತ್ತಲೇ ಸಂದೇಶ: "ನಮ್ಮ ಪ್ರೀತಿಯ ಗುಮಾಸ್ತೆ ಕಡಲ ತಾಯಿಯ ಮಡಿಲು ಸೇರಿದರು." ಮೀನುಗಾರರ ಸಂಘ ಅಂದ ಮೇಲೆ ಎಲ್ಲರೂ ಕಡಲಿನಲ್ಲೇ ಸಾಯುತ್ತಾರೆ ಅಂತ ಅದರ ಲೆಕ್ಕ. ನಾನು ಕಡಲಿಗೆ ಕಾಲು ಕೂಡ ಇಟ್ಟವಳಲ್ಲ!

ಇದೊಂದೂ ಗೊತ್ತಿಲ್ಲದೆ ಧಕ್ಕೆಗೆ ಬಂದರೆ ಮೀನು ಹರಾಜು ಹಾಕುವ ಲಿಲಾವು ನಿಂತಿದೆ. ಜನವೆಲ್ಲ ಕಡಲು ನೋಡುತ್ತ ನಿಂತಿದ್ದಾರೆ.

"ಎಂತ ಆಯ್ತು?" ಎಂದು ಮುಂದಿದ್ದವನನ್ನು ಕೇಳಿದೆ.

"ಆಫೀಸಿನ ಬಾಯಿ ನೀರಿಗೆ ಬಿದ್ರಂತೆ" ಅಂದ, ತಿರುಗಿ ನೋಡದೆ.

"ಯಾವ ಬಾಯಿ?"

"ಅದೇ, ಸುಳ್ಳು ಮೆಸೇಜ್ ಕಳಿಸ್ತಿದ್ರಲ್ಲ, ಅವರು."

ಪಾಪ ಅನಿಸಿತು. ನಾನೂ ಸ್ವಲ್ಪ ಹೊತ್ತು ಕಡಲು ನೋಡಿದೆ. ಆಮೇಲೆ ಹೊಳೆಯಿತು, ಆಫೀಸಿನಲ್ಲಿ ಬಾಯಿ ಅಂತ ಇರುವುದು ನಾನೊಬ್ಬಳೇ!

ಮೀನು ತರಲು ಬಂದಿದ್ದ ಅಂಕೋಲೆಯ ಅಕ್ಕ ನನ್ನನ್ನು ಕಂಡವಳೇ ಬುಟ್ಟಿ ಬಿಸಾಡಿ ಓಡಿಬಂದು ತಬ್ಬಿಕೊಂಡು ಅತ್ತಳು. "ನಾನು ಬೈದದ್ದಕ್ಕೇ ನೀರಿಗೆ ಹಾರಿದ್ಯೇನೋ ಅಂತ ಜೀವ ಹೋಗಿತ್ತಲ್ಲೇ!" ಆ ತಾಂಡೇಲ ಹಿಡಿದ ಮೀನನ್ನೂ ಇಳಿಸದೆ ನನ್ನ ಹೆಣ ಹುಡುಕಲು ಹೋಗಿದ್ದನಂತೆ, ಅವನ ಹಿಂದೆ ಉಳಿದ ಬೋಟುಗಳೂ.

ಅಧ್ಯಕ್ಷರು ಬೆವರುತ್ತ ಬಂದರು. "ಬೇಗ ಎಲ್ಲರಿಗೂ ತಿಳಿಸ್ಬೇಕು. ಆದ್ರೆ ಸತ್ತ ಸುದ್ದಿ ಬಿಟ್ಟು ಬೇರೆ ಯಾವ ಸಂದೇಶವೂ ಕೆಳಗೆ ಒಂದು ಹೆಸರಿಲ್ಲದೆ ಹೋಗೂದೇ ಇಲ್ಲ. ಎಂತ ಮಾಡುದು?"

ಎಂತ ಮಾಡುವುದು? ಹಲ್ಲು ಕಚ್ಚಿ, "ನನ್ನದೇ ಹಾಕಿ" ಎಂದೆ.

ಸಂದೇಶ ಹೋಯಿತು: "ನಾನು ಬದುಕಿದ್ದೇನೆ. ಬೋಟು ತಿರುಗಿಸಿ." ಕೆಳಗೆ ನನ್ನ ಹೆಸರು, ನಂಬರು.

ತಾಂಡೇಲನ ಉತ್ತರ ಕೂಡಲೇ ಎಲ್ಲರಿಗೂ ಬಂತು: "ಈ ಹೆಸರಿನಲ್ಲಿ ಬಂದದ್ದು ಒಂದೂ ನಿಜ ಆಗಿದ್ದಿಲ್ಲ. ಯಾರೂ ಬೋಟು ತಿರುಗಿಸ್ಬೇಡಿ. ಹುಡುಕ್ತಾ ಇರಿ."