ಹೊಂಗೆ ಮರದಡಿಯ ಮುಷ್ಕರೋತ್ಸವ

ಕೇರಿಯ ಮಕ್ಕಳಿಗೂ ಊರಿನ ಮಕ್ಕಳಿಗೂ ಒಂದೇ ಹಂಡೆಯ ನೀರು ಕುಡಿಸಿದರೆಂದು ಜ್ಯೋತಿಲಕ್ಷ್ಮಿ ಟೀಚರನ್ನು ವರ್ಗ ಮಾಡಿಸಿದರು. ಟೀಚರ್ ಬರುವವರೆಗೂ ಶಾಲೆಯೊಳಗೆ ಹೋಗುವುದಿಲ್ಲವೆಂದು ಮಕ್ಕಳು ಹೊಂಗೆ ಮರದಡಿ ಕೂತರು. ಟೀಚರ್ ಬರಲಿಲ್ಲ, ಪೊಲೀಸರು ಬಂದರು.

ಅದಾಗಿ ಮೂವತ್ತು ವರ್ಷಕ್ಕೆ, ದಿಬ್ಬೂರಹಳ್ಳಿ ಆಚೆಗಿನ ಆ ಊರಿಗೆ ಇದ್ದಕ್ಕಿದ್ದಂತೆ ಹೆಮ್ಮೆ ಉಕ್ಕಿತು. ಮುಷ್ಕರದ ಸ್ಮರಣೋತ್ಸವ ಆಗಲೇಬೇಕು, ಅದೇ ಮರದಡಿ ನಾಟಕವೂ ಆಗಬೇಕು! ಹೊಣೆ ಬಿದ್ದದ್ದು ಐದು ತರಗತಿಗೂ ಒಬ್ಬನೇ ಮೇಷ್ಟ್ರಾದ ಉದಯಕುಮಾರನ ತಲೆಗೆ. ಚಿಕ್ಕಬಳ್ಳಾಪುರದಿಂದ ಬರುವ ಶಿಕ್ಷಣ ಇಲಾಖೆಯ ಸಾಹೇಬರು ಮೆಚ್ಚಿದರೆ ಇನ್ನೊಬ್ಬ ಮೇಷ್ಟ್ರನ್ನು ಕೇಳಬಹುದೆಂಬ ಆಸೆಗೆ ಅವನೂ ಒಪ್ಪಿದ.

ಉತ್ಸವದ ದಿನ ಬೆಳಗ್ಗೆಯೇ ತಕರಾರು ಶುರು. ಶಾಲಾ ಸಮಿತಿ ಅಧ್ಯಕ್ಷ ಆವಲಪ್ಪ ಬಂದ. ಅಂದು ಟೀಚರನ್ನು ಎತ್ತಂಗಡಿ ಮಾಡಿಸಿದ್ದು ಅವನಪ್ಪನೇ.

"ಮೇಷ್ಟ್ರೇ, ನಾಟಕದಲ್ಲಿ ನಮ್ಮಪ್ಪನ್ನ ಮರದ ಕೆಳಗೆ ಕೂರಿಸ್ಬಿಡಿ. ಪಾರ್ಟು ನಾನೇ ಮಾಡ್ತೀನಿ."

"ಅವರು ಸ್ಟ್ರೈಕಿಗೆ ವಿರುದ್ಧ ಇದ್ರಲ್ಲಪ್ಪ!"

"ಹೊರಗೆ ವಿರುದ್ಧ ಕಣ್ರೀ. ಒಳಗೊಳಗೆ ಬೆಂಬಲ."

ಆಮೇಲೆ ಪೊಲೀಸರಿಗೆ ಸುದ್ದಿ ಮುಟ್ಟಿಸಿದವನ ಮಗ ಬಂದ. ಅವನಿಗೂ ಮರದಡಿಯೇ ಜಾಗ ಬೇಕು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಮುಷ್ಕರಕ್ಕೆ ಕೂತು, ಮರದಡಿ ಸಂತೆ ದಿನದ ಬಸ್ಸಿನಂತಾಯಿತು. ಅವತ್ತು ನಿಜವಾಗಿ ಕೂತು ಬೆತ್ತದ ಏಟು ತಿಂದಿದ್ದ ಗಂಗುಲಮ್ಮನಿಗೇ ಜಾಗವಿಲ್ಲ.

"ಇಷ್ಟು ಜನ ಅವತ್ತೇ ಇದ್ದಿದ್ರೆ ನಾನ್ಯಾಕೆ ಏಟು ತಿಂತಿದ್ದೆ ಸಾಮೀ?" ಎಂದಳು.

ಎಲ್ಲರೂ ಮುಷ್ಕರದವರಾದ ಮೇಲೆ ಕೇಡಿಗ ಯಾರು? ಟೀಚರನ್ನು ಓಡಿಸುವ ದುಷ್ಟ ಹೆಡ್‌ಮಾಸ್ತರನ ಪಾತ್ರಕ್ಕೆ ಉದಯಕುಮಾರನೇ ಮಸಿ ಮೀಸೆ ಬಳಿದುಕೊಂಡ. ಮಕ್ಕಳು "ಟೀಚರ್ ಬೇಕು" ಎಂದು ಕೂಗಿದರೆ, ದೊಡ್ಡವರು ಅವನಿಗೆ ಧಿಕ್ಕಾರ ಕೂಗಿದರು. ಆವಲಪ್ಪ ಎಲ್ಲರಿಗಿಂತ ಜೋರಾಗಿ.

ಸಾಹೇಬರಿಗೆ ಕಣ್ಣೀರೇ ಬಂತು. ಮೈಕ್ ಹಿಡಿದರು. "ಎಂಥಾ ಸಂಘಟನೆ ರೀ! ಇಂಥಾ ಮೇಷ್ಟ್ರು ಈ ಮೂಲೇಲಿ ಕೊಳೀಬಾರ್ದು. ಗೌರಿಬಿದನೂರಲ್ಲೂ ಉತ್ಸವ ಮಾಡ್ಸೋಕೆ ಸೋಮವಾರದಿಂದ ಇವರನ್ನ ಅಲ್ಲಿಗೆ ನಿಯೋಜನೆ ಮಾಡ್ತಿದೀನಿ!"

ಊರವರು ಚಪ್ಪಾಳೆ ತಟ್ಟಿದರು.

"ಸಾರ್, ಇಲ್ಲಿಗೆ ಯಾರು?" ಉದಯಕುಮಾರ ತೊದಲಿದ.

"ನೋಡೋಣ ಕಣ್ರೀ. ಮೊದ್ಲು ಮಕ್ಕಳನ್ನ ಒಳಗೆ ಕಳ್ಸಿ."

ದೊಡ್ಡವರೆಲ್ಲ ಎದ್ದು ಊಟದ ಪಂಕ್ತಿಗೆ ಓಡಿದರು. ಮಕ್ಕಳು ಮಾತ್ರ ಕದಲಲಿಲ್ಲ.

"ಎಬ್ಬಿಸ್ತೀರೋ, ನೋಟಿಸ್ ಕೊಡ್ಲೋ?" ಸಾಹೇಬರು ಗುಡುಗಿದರು.

ಬೆವರಿಗೆ ಮೀಸೆಯೆಲ್ಲ ಗದ್ದಕ್ಕಿಳಿದಿದ್ದ ಉದಯಕುಮಾರ ಮರದಡಿಗೆ ಹೋದ. "ಏಳಮ್ಮ ಪ್ರಿಯಾಂಕ, ನಾಟಕ ಮುಗೀತು."

ಐದನೇ ಕ್ಲಾಸಿನ ಪ್ರಿಯಾಂಕ ಚಕ್ಕಳಮಕ್ಕಳ ಹಾಕಿ ಇನ್ನೂ ಬಿಗಿಯಾಗಿ ಕೂತಳು.

"ನಿಮ್ದು ಮುಗೀತು ಸಾರ್. ನಮ್ಗೆ ಮೇಷ್ಟ್ರು ಬೇಕು. ಏಳಲ್ಲ."