ಜೇನಿನಲ್ಲಿ ಸಿಕ್ಕ ಕೂದಲು

ಬ್ರಷ್ಷು ತಿನ್ನುವ ಪದಾರ್ಥವಲ್ಲ. ಅವತ್ತಿನ ಎಲ್ಲ ಅನಾಹುತಕ್ಕೂ ಮೂಲ ಇಷ್ಟೇ.

ಅದು ಅಂತರರಾಷ್ಟ್ರೀಯ ಹಲಾಲ್ ವ್ಯಾಪಾರ ಮೇಳ. ಧರ್ಮದ ಪ್ರಕಾರ ಉಣ್ಣಲು, ಉಡಲು, ಬಳಸಲು ಅಡ್ಡಿಯಿಲ್ಲದ ವಸ್ತುಗಳನ್ನೆಲ್ಲ ದೇಶದೇಶಗಳಿಂದ ತಂದು ಒಂದೇ ಸೂರಿನಡಿ ಹರವಿದ್ದರು. ಎಲ್ಲ ವಸ್ತುಗಳೂ ಇದ್ದವು ನಿಜ, ಆದರೆ ಜನ ಬರುತ್ತಿದ್ದದ್ದು ತಿನ್ನುವುದಕ್ಕೆ. ಬಾಗಿಲ ಪಕ್ಕದ ಬಿಸ್ಕತ್ತಿನ ಮಳಿಗೆಯಲ್ಲಿ ತೆರೆದ ಬಾಯಿಯನ್ನು ಅವರು ಮುಚ್ಚುತ್ತಿದ್ದದ್ದು ಐಸ್‌ಕ್ರೀಮಿನ ಮಳಿಗೆ ದಾಟಿದ ಮೇಲೆಯೇ. ತಿನ್ನಲು ಏನೂ ಇಲ್ಲದ ಮಳಿಗೆಗಳನ್ನು ಮೇಳದವರು ಕಟ್ಟಕಡೆಯ ಸಾಲಿನಲ್ಲಿ, ಟಾಯ್ಲೆಟ್ಟಿನ ಪಕ್ಕದಲ್ಲಿ ಗುಡ್ಡೆ ಹಾಕಿದ್ದರು. ಅಲ್ಲಿ ನಮ್ಮ ಬೋಳಪ್ಪ ತನ್ನ ಬ್ರಷ್ಷುಗಳನ್ನು ಜೋಡಿಸಿಕೊಂಡು ನಿಂತಿದ್ದ.

ಬೋಳಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹೆಂಡತಿಯ ಅಣ್ಣ ಇಟ್ಟದ್ದು. ಮದುವೆಯಾದ ವರ್ಷವೇ ಇಟ್ಟ. ನಾವೂ ಹಾಗೇ ಕರೆಯೋಣ, ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಡಿನ ಕೂದಲನ್ನು ತೊಳೆದು, ಬೇಯಿಸಿ, ಬಾಚಿ, ಕಟ್ಟು ಕಟ್ಟಿ ಬ್ರಷ್ ಮಾಡುವ ಈ ಮನುಷ್ಯನ ತಲೆಯ ಮೇಲೆ ಒಂದು ಎಳೆಯೂ ಇರಲಿಲ್ಲ. ತನ್ನದೇನೂ ಬ್ರಷ್ಷಿನಲ್ಲಿ ಸೇರಬಾರದು ಎಂದು ಗಡ್ಡ ಮೀಸೆಯನ್ನೂ ದಿನಾ ನುಣ್ಣಗೆ ಬೋಳಿಸುತ್ತಿದ್ದ. ಮುಖದಲ್ಲಿ ಉಳಿದದ್ದು ಎರಡು ಹುಬ್ಬು. ಅವೂ ಪೆನ್ಸಿಲಿನಲ್ಲಿ ಬರೆದು ಅರ್ಧ ಅಳಿಸಿದಂತಿದ್ದವು.

ಬೇಕರಿಯಲ್ಲಿ ಬನ್ನಿನ ಮೇಲೆ ಬೆಣ್ಣೆಯನ್ನೋ ಜೇನನ್ನೋ ಸವರುವ ಬ್ರಷ್ ಇದೆಯಲ್ಲ, ಅದನ್ನು ಹಲವು ಕಡೆ ಹಂದಿಯ ಕೂದಲಿನಿಂದ ಮಾಡುತ್ತಾರೆ. ಹಿಟ್ಟು ಎಂಥದು ಎಂದು ಕೇಳುತ್ತಾರೆ, ಕೊಬ್ಬು ಎಂಥದು ಎಂದು ಕೇಳುತ್ತಾರೆ, ಬ್ರಷ್ ಎಂಥದು ಎಂದು ಯಾರೂ ಕೇಳುವುದಿಲ್ಲ ಎಂಬುದು ಬೋಳಪ್ಪನಿಗೆ ಹೊಳೆದದ್ದೇ ತಡ, ಭಾವನ ಹಿತ್ತಲಿನ ಶೆಡ್ಡಿನಲ್ಲಿ ಕೆಲಸ ಶುರುಮಾಡಿದ. ಭಾವನದು ಹಾಸಿಗೆ ಅಂಗಡಿ. ಹತ್ತಿ ತುಂಬಿಡಲು ಅವನಿಗೆ ಆ ಶೆಡ್ಡಿನ ಮೇಲೆ ಬಹಳ ದಿನದಿಂದ ಕಣ್ಣು.

"ಈ ಮೇಳದಲ್ಲಿ ಒಂದೇ ಒಂದು ಆರ್ಡರ್ ತಗೊಂಡು ಬಾ, ಶೆಡ್ ನಿಂದು," ಎಂದಿದ್ದ ಭಾವ. "ತರ್ಲಿಲ್ಲ ಅಂದ್ರೆ ಮಾರನೇ ದಿನದಿಂದ ನನ್ನ ಅಂಗಡೀಲಿ ಕೂತು ದಿಂಬಿಗೆ ಹತ್ತಿ ತುಂಬು."

ಅವತ್ತು ಮೇಳದ ಕೊನೆಯ ದಿನ. ಹೊರಡುವಾಗ ಹೆಂಡತಿ ಅಂಗಿಯ ಕಾಲರ್ ಸರಿಮಾಡಿ, "ಒಂದು ಆರ್ಡರ್ ಸಾಕು ಕಣ್ರೀ, ಅಣ್ಣನ ಬಾಯಿ ಮುಚ್ಚುತ್ತೆ," ಎಂದು ಕಳಿಸಿದ್ದಳು.

ಬೆಳಗ್ಗೆಯಿಂದ ಬಂದವರದೆಲ್ಲ ಒಂದೇ ಪ್ರಶ್ನೆ.

"ಏನಿದೆ ತಿನ್ನೋಕೆ?"

"ಬ್ರಷ್ ಇದೆ ಸರ್. ಆಡಿನ ಕೂದಲಿಂದು."

"ಓಹೋ," ಎಂದು ಅವರು ಬಹಳ ಆಸಕ್ತಿಯಿಂದ ತಲೆಯಾಡಿಸುತ್ತಿದ್ದರು. "ಟಾಯ್ಲೆಟ್ ಈ ಕಡೇನಾ?"

ಒಬ್ಬ ಹಿರಿಯರು ಮಾತ್ರ ನಿಂತು, ಬ್ರಷ್ಷನ್ನು ಕೈಯ ಹಿಂಬದಿಗೆ ಸವರಿಕೊಂಡು ಕಣ್ಣು ಮುಚ್ಚಿದರು. "ಎಷ್ಟು ಮೃದುವಾಗಿದೆ. ತಲೆಗೆ ಬಣ್ಣ ಹಚ್ಚೋಕೆ ಆಗುತ್ತಾ?"

"ಇದು ಅಡುಗೆಮನೆ ಬ್ರಷ್ಷು ಯಜಮಾನ್ರೇ," ಎಂದ ಬೋಳಪ್ಪ. ಮಗಳನ್ನು ಸಲ್ಲದ ಮನೆಗೆ ಕೇಳಲು ಬಂದವರಿಗೆ ಉತ್ತರಿಸಿದಂತಿತ್ತು ಅವನ ದನಿ. "ಆಹಾರ ಬಿಟ್ರೆ ಬೇರೆ ಯಾವುದಕ್ಕೂ ಕೊಡಲ್ಲ."

ಎಡಗಡೆಯ ಮಳಿಗೆಯವನ ಸ್ಥಿತಿಯೂ ಹೀಗೇ ಇತ್ತು. ಅವನು ಲ್ಯಾಬಿನವನು. ಆಹಾರದಲ್ಲಿ ಏನು ಸೇರಿದೆ ಎಂದು ಪತ್ತೆ ಮಾಡುವ ಸೂಕ್ಷ್ಮದರ್ಶಕ, ಅದಕ್ಕೆ ಜೋಡಿಸಿದ ಮಂಚದಗಲದ ಟಿವಿ, ಕೈಯಲ್ಲಿ ಮೈಕು, ಎಲ್ಲ ಇತ್ತು. ಪರೀಕ್ಷೆ ಮಾಡಿಸುವವರು ಇರಲಿಲ್ಲ. ಬೇಜಾರಿಗೆ ತನ್ನದೇ ಉಗುರನ್ನು ಟಿವಿಯಲ್ಲಿ ನೋಡುತ್ತ ಕೂತಿದ್ದ. ಎದುರಿಗೆ ಅಡುಗೆಯವರು ಹಾಕಿಕೊಳ್ಳುವ ಕಾಗದದ ಟೋಪಿ ಮಾರುವವನು. ಅವನ ಮೂರು ದಿನದ ಗಿರಾಕಿ ಎಂದರೆ ಈ ಲ್ಯಾಬಿನವನೊಬ್ಬನೇ.

ತಿರುವಿನಲ್ಲಿ ಮಾತ್ರ ಗಲಗಲ. ಅಲ್ಲಿ ಜೇನಕ್ಕ ಇದ್ದಳು. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಜೇನಿನ ಬಾಟಲಿಗಳ ಹಿಂದೆ ನಿಂತು, ಮೇಳಕ್ಕೆ ಬಂದವರಿಗೆಲ್ಲ ತಾನೇ ದೊಡ್ಡಕ್ಕ ಎಂಬಂತೆ ಬುದ್ಧಿ ಹೇಳುತ್ತಿದ್ದಳು. ಬೋಳಪ್ಪನ ಪಾಡು ನೋಡಲಾರದೆ ಮಳಿಗೆ ಬಿಟ್ಟು ಬಂದಳು.

"ಏನು ತಮ್ಮಾ, ಹೀಗೆ ಕೈಕಟ್ಟಿ ನಿಂತ್ರೆ ಯಾರು ಬರ್ತಾರೆ? ಮೊದಲು ಬಾಯಿಗೆ ಏನಾದ್ರೂ ಹಾಕು. ಬಾಯಿ ತುಂಬಿದೋರು ನಿಲ್ತಾರೆ, ನಿಂತೋರು ಮಾತು ಕೇಳ್ತಾರೆ. ಬ್ರೆಡ್ ತಗೊಂಡು ಬಾ, ಜೇನು ನಾನು ಕೊಡ್ತೀನಿ. ನಿನ್ನ ಬ್ರಷ್ಷಲ್ಲೇ ಸವರು."

ಉಪಾಯ ಫಲಿಸಿತು. ಬೋಳಪ್ಪ ಬ್ರೆಡ್ ತುಂಡಿನ ಮೇಲೆ ಜೇನು ಸವರಿ ಒಂದು ತಟ್ಟೆ ಮುಗಿಸುವಷ್ಟರಲ್ಲಿ ಇರುವೆಗಳಂತೆ ಜನ ಮುತ್ತಿದರು. ಅವನು ಬ್ರಷ್ಷಿನ ಬಗ್ಗೆ ಬಾಯಿ ತೆರೆದಾಗಲೆಲ್ಲ ಅವರ ಬಾಯಿ ತುಂಬಿರುತ್ತಿತ್ತು. ನುಂಗಿದ ಮೇಲೆ, "ಜೇನು ಯಾರದು?" ಎಂದು ಕೇಳಿ ತಿರುವಿಗೆ ಹೋಗುತ್ತಿದ್ದರು. ಸೂಟು ತೊಟ್ಟ ಒಬ್ಬ ಮಾತ್ರ ಬ್ರಷ್ಷನ್ನು ಕೈಗೆತ್ತಿಕೊಂಡ, ಕೋಟಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಗುಡಿಸಿಕೊಂಡ, "ಒಳ್ಳೇ ಬ್ರಷ್ಷು," ಎಂದು ಇಟ್ಟು ಹೋದ.

"ನೋಡಿದ್ಯಾ? ನನ್ನ ಮಾತು ಕೇಳಿದ್ದಕ್ಕೆ ಎಷ್ಟು ವ್ಯಾಪಾರ ಆಯ್ತು," ಎಂದಳು ಜೇನಕ್ಕ, ಮಧ್ಯಾಹ್ನದ ಹೊತ್ತಿಗೆ ತನ್ನ ಖಾಲಿ ಪೆಟ್ಟಿಗೆಗಳನ್ನು ಒಳಗೆ ತಳ್ಳುತ್ತ. ಬೋಳಪ್ಪ ಹೂಂಗುಟ್ಟಿದ. ಆಗಿದ್ದು ಯಾರ ವ್ಯಾಪಾರ ಎಂದು ಕೇಳುವ ಸ್ವಭಾವ ಅವನದಲ್ಲ.

ಆಗ ಬಂದರು ಬೇಕರಿ ಸಾಹೇಬರು. ಹಲವು ದೇಶಗಳಲ್ಲಿ ಬೇಕರಿಗಳನ್ನಿಟ್ಟಿದ್ದ ದೊಡ್ಡ ಕುಳ. ಅವರು ನಡೆದರೆ ಹಿಂದೆ ಒಂದು ಹಿಂಡು ನಡೆಯುತ್ತಿತ್ತು. ವಯಸ್ಸು ಮೊಮ್ಮಕ್ಕಳನ್ನು ಕಂಡಿದ್ದರೂ ಕೂದಲು ಇನ್ನೂ ಕಾಲೇಜು ಬಿಟ್ಟಿರಲಿಲ್ಲ. ಪಾಲಿಶ್ ಮಾಡಿದ ಬೂಟಿನಂತೆ ಕರ್ರಗೆ ಮಿಂಚುತ್ತಿತ್ತು.

ಸಾಹೇಬರು ಬ್ರೆಡ್ಡಿನ ಕಡೆ ನೋಡಲೇ ಇಲ್ಲ. ನೇರ ಬ್ರಷ್ಷಿಗೆ ಕೈ ಹಾಕಿದರು.

"ಮೂರು ದಿನದಿಂದ ಇದನ್ನೇ ಹುಡುಕ್ತಿದೀನಿ ಕಣ್ರೀ. ತಿನ್ನೋಕೆ ಕೊಡೋರು ಬೇಕಾದಷ್ಟು ಜನ ಇದಾರೆ, ಬ್ರಷ್ ಮಾಡೋರು ಒಬ್ರೂ ಇಲ್ಲ. ಮೊನ್ನೆ ಒಬ್ಬ ಗಿರಾಕಿ, ನಿಮ್ಮ ಬ್ರಷ್ ಯಾವ ಕೂದಲಿಂದು ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತೇ ಎಲ್ಲ ಬೇಕರಿಗಳ ಬ್ರಷ್ಷನ್ನೂ ಬಿಸಾಡಿಸಿದೆ."

ಬೋಳಪ್ಪ ಮೇಜಿನ ಮೇಲಿದ್ದ ಬ್ರಷ್ಷುಗಳನ್ನೆಲ್ಲ ಸಾಹೇಬರ ಮುಂದೆ ಸರಿಸಿದ. ಪ್ರಪಂಚದಲ್ಲಿ ಕೊನೆಗೂ ಒಬ್ಬ ಆ ಪ್ರಶ್ನೆ ಕೇಳಿದ್ದ.

"ಕೂದಲು ಉದುರುತ್ತಾ?"

"ಎಳೆದು ನೋಡಿ ಸಾಹೇಬ್ರೇ."

ಸಾಹೇಬರು ಎಳೆದರು. ಅವರ ಹಿಂದಿದ್ದವರೂ ಸರದಿಯಲ್ಲಿ ಎಳೆದರು. ಒಂದೂ ಬರಲಿಲ್ಲ. ಸಾಹೇಬರಿಗೆ ಹುರುಪು ಬಂತು. ತೋಳು ಮಡಚಿ, ಬ್ರಷ್ಷನ್ನು ಜೇನಿನಲ್ಲಿ ಅದ್ದಿ, ತಟ್ಟೆಯ ಮೇಲೆ ಪೂರಾ ಬಗ್ಗಿ ತಾವೇ ಸವರಿದರು. "ನೋಡಿ, ಹೇಗೆ ಜಾರುತ್ತೆ," ಎಂದು ಹಿಂಡಿಗೆ ತೋರಿಸಿದರು. "ಇವತ್ತೇ ಆರ್ಡರ್ ಬರೆದುಬಿಡೋಣ," ಎಂದು ಆ ತುಂಡನ್ನು ಬಾಯಿಗಿಟ್ಟರು.

ಅಗಿಯುತ್ತಿದ್ದ ಬಾಯಿ ನಿಂತಿತು. ಸಾಹೇಬರು ಎರಡು ಬೆರಳು ಹಾಕಿ, ಬೆರಳುದ್ದದ ಒಂದು ಕಪ್ಪು ಕೂದಲನ್ನು ಮೆಲ್ಲಗೆ ಹೊರಗೆಳೆದರು.

"ನನ್ನ ಜೇನಲ್ಲಿ ಕೂದಲಿಲ್ಲಪ್ಪ," ಎಂದು ಜೇನಕ್ಕ ಬಾಟಲಿ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಟೋಪಿಯವನ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಸಲ ಕಳೆ ಬಂತು. ಹಿಂಡಿನೊಳಗಿಂದ ಯಾರೋ, "ಆಡಿಂದೋ ಇನ್ಯಾವುದರದೋ ಯಾರಿಗೆ ಗೊತ್ತು," ಎಂದು ಗೊಣಗಿದರು. ಹಲಾಲ್ ಮೇಳದ ನಡುವೆ ಅದು ಸಣ್ಣ ಮಾತಲ್ಲ. ಬೆಳಗ್ಗೆಯಿಂದ ಅದೇ ಬ್ರಷ್ಷಿನ ಬ್ರೆಡ್ಡು ತಿಂದವರೆಲ್ಲ ಹೊಟ್ಟೆ ಹಿಡಿದುಕೊಂಡು ವಾಪಸು ಬರತೊಡಗಿದರು.

"ಯಾರೂ ಮುಟ್ಟಬೇಡಿ," ಎಂದು ಮೈಕಿನಲ್ಲಿ ದನಿ ಕೇಳಿತು. "ನಾನಿದೀನಿ."

ಲ್ಯಾಬಿನವನು ಗ್ಲೌಸು ತೊಟ್ಟು, ಚಿಮಟದಲ್ಲಿ ಕೂದಲನ್ನು ಹಿಡಿದು, ಮದುಮಗಳನ್ನು ಕರೆದೊಯ್ಯುವಷ್ಟು ಜೋಪಾನವಾಗಿ ಸೂಕ್ಷ್ಮದರ್ಶಕದ ಕೆಳಗೆ ಮಲಗಿಸಿದ. ಟಿವಿಯ ತುಂಬ ಕೂದಲು ಮರದ ದಿಮ್ಮಿಯಂತೆ ಮೂಡಿತು. ಐಸ್‌ಕ್ರೀಮಿನವರೂ ಮಳಿಗೆ ಬಿಟ್ಟು ಬಂದರು.

"ಹಂದಿ ಕೂದಲಾದ್ರೆ ತುದಿ ಸೀಳಿರುತ್ತೆ. ಇದು ಸೀಳಿಲ್ಲ. ಹಂದಿದಲ್ಲ," ಎಂದ ಲ್ಯಾಬಿನವನು. ಜನ ಹೊಟ್ಟೆಯಿಂದ ಕೈ ತೆಗೆದರು.

ಬೋಳಪ್ಪನ ಬ್ರಷ್ಷಿನಿಂದ ಒಂದು ಎಳೆ ಕತ್ತರಿಸಿ ಪಕ್ಕದಲ್ಲಿಟ್ಟ. "ಇದು ಆಡಿಂದು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಈ ಬ್ರಷ್ಷಿಂದ ಕೂದಲು ಉದುರಿಲ್ಲ."

ಬೋಳಪ್ಪನ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಅವನ ಕೆಲಸಕ್ಕೆ ಮೈಕಿನಲ್ಲಿ ಸಾಕ್ಷಿ ಸಿಕ್ಕಿತ್ತು. ಇಲ್ಲಿಗೆ ಟಿವಿ ಆರಿಸಿದ್ದರೆ ಈ ಕತೆಯೂ ಸುಖವಾಗಿ ಮುಗಿಯುತ್ತಿತ್ತು. ಆದರೆ ಲ್ಯಾಬಿನವನಿಗೆ ಮೂರು ದಿನದ ಹಸಿವು.

"ಇದು ಮನುಷ್ಯರ ಕೂದಲು," ಎಂದು ಅವನು ಮುಂದುವರಿಸಿದ. "ಮೇಲೆಲ್ಲ ಬಣ್ಣ ಹಚ್ಚಿದಾರೆ. ಬುಡ ನೋಡಿ, ಬೆಳ್ಳಗಿದೆ. ಬಣ್ಣ ಹಚ್ಚಿ ಒಂದು ವಾರ ಆಗಿರಬೇಕು."

ಜನ ಮೊದಲು ಬೋಳಪ್ಪನ ತಲೆ ನೋಡಿದರು. ಟ್ಯೂಬ್‌ಲೈಟು ಅದರಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು. ಜೇನಕ್ಕನ ತಲೆಯ ಮೇಲೆ ಬಿಗಿದ ಬಟ್ಟೆ, ಲ್ಯಾಬಿನವನ ತಲೆಯ ಮೇಲೆ ಟೋಪಿ. ತಟ್ಟೆಯ ಮೇಲೆ ಬಗ್ಗಿದ್ದ ಇನ್ನೊಂದು ತಲೆ ಯಾವುದು ಎಂಬುದು ಎಲ್ಲರಿಗೂ ನೆನಪಿತ್ತು. ಆ ತಲೆಯ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಚಾವಣಿ ನೋಡತೊಡಗಿದರು.

ಬೋಳಪ್ಪ ಮಾತ್ರ ನೋಡಿದ. ಸಾಹೇಬರ ಕೈ ತಲೆಯತ್ತ ಹೊರಟು ಅರ್ಧದಲ್ಲೇ ನಿಂತಿತ್ತು. ಹಲವು ದೇಶಗಳಲ್ಲಿ ಆಳುಕಾಳು ಇದ್ದ ಮನುಷ್ಯ, ಪಾಠ ಒಪ್ಪಿಸಲು ಬಾರದ ಹುಡುಗನಂತೆ ನೆಲ ನೋಡುತ್ತಿದ್ದರು. ಬೋಳಪ್ಪನಿಗೆ ನಿಜಕ್ಕೂ ಕರುಳು ಚುರ್ರೆಂದಿತು. ತಲೆಯ ವಿಷಯಕ್ಕೆ ನಾಲ್ಕು ಜನರ ಎದುರು ನಿಲ್ಲುವುದೆಂದರೇನು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಜೊತೆಗೆ, ಈಗ ಮಾನ ಉಳಿಸಿದರೆ ಈ ಮನುಷ್ಯ ಜನ್ಮದಲ್ಲಿ ಮರೆಯುವುದಿಲ್ಲ ಎಂಬ ಆಸೆಯೂ ಮೂಲೆಯಲ್ಲಿ ಇಣುಕಿತು.

"ಅದು ನಂದು," ಎಂದ.

ಲ್ಯಾಬಿನವನು ಮೈಕು ಕೆಳಗಿಳಿಸಿದ. "ನಿಮ್ದಾ? ಎಲ್ಲಿಂದು?"

"ಹುಬ್ಬಿಂದು."

"ಬೆರಳುದ್ದದ ಹುಬ್ಬಾ ತಮ್ಮಾ?" ಎಂದಳು ಜೇನಕ್ಕ.

"ಕೆಲವು ಉದ್ದ ಬೆಳೀತವೆ ಅಕ್ಕ. ವಾರಕ್ಕೊಂದ್ಸಲ ಬಣ್ಣ ಹಚ್ತೀನಿ."

ಯಾರೂ ನಂಬಲಿಲ್ಲ. ಆದರೆ ನಂಬದೆ ಇರುವುದು ಯಾರಿಗೂ ಅನುಕೂಲವಾಗಿರಲಿಲ್ಲ. ಎಲ್ಲರಿಗಿಂತ ಮೊದಲು ಸಾಹೇಬರೇ ನಂಬಿದರು. ತಲೆ ಎತ್ತಿದರು, ಎದೆ ಸೆಟೆಯಿತು, ದನಿ ಮರಳಿತು.

"ಒಪ್ಪಿಕೊಂಡಿದ್ದು ದೊಡ್ಡ ಗುಣ. ಆದ್ರೆ ನೋಡಿ, ಇದು ಆಹಾರದ ವ್ಯವಹಾರ. ಬ್ರಷ್ ಚೆನ್ನಾಗೇ ಇದೆ. ಬ್ರಷ್ ಮಾಡೋರ ಕೂದಲೇ ಉದುರಿದ್ರೆ ನಾನು ಹೇಗೆ ತಗೊಳ್ಳಲಿ? ಶುಚಿ ಮುಖ್ಯ ಕಣ್ರೀ, ಶುಚಿ."

ಹಿಂಡು ಚಪ್ಪಾಳೆ ತಟ್ಟಿತು. ಸಾಹೇಬರು ಅಲ್ಲಿಂದ ನೇರ ಎದುರಿನ ಮಳಿಗೆಗೆ ನಡೆದು, ತಮ್ಮ ಎಲ್ಲ ಬೇಕರಿಗಳಿಗೂ ಕಾಗದದ ಟೋಪಿಗೆ ಆರ್ಡರ್ ಬರೆಸಿದರು. ಸೂಕ್ಷ್ಮದರ್ಶಕ ಟಿವಿಸಮೇತ ಕಚೇರಿಗೆ ಬೇಕೆಂದರು. ಅಷ್ಟು ಹೊತ್ತೂ ಬಾಯಲ್ಲಿದ್ದ ಜೇನಿನ ರುಚಿ ನೆನಪಾಗಿ, ಜೇನಕ್ಕನ ಹತ್ತಿರವೂ ನಿಂತರು. ಕೊನೆಯ ಸಾಲಿನಲ್ಲಿ ಆರ್ಡರ್ ಸಿಗದೆ ಉಳಿದವನು ಒಬ್ಬನೇ.

ಮಳಿಗೆಗಳ ಪರದೆ ಇಳಿಯುವ ಹೊತ್ತಿಗೆ ಸಾಹೇಬರು ಹಿಂಡನ್ನು ಬಿಟ್ಟು ಒಬ್ಬರೇ ಬಂದರು. ಬೋಳಪ್ಪನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ನನ್ನ ಮಾನ ಉಳಿಸಿದ್ರಿ. ನನ್ನ ಸ್ವಂತ ತಮ್ಮ ಕೂಡ ಇಷ್ಟು ಮಾಡ್ತಿರಲಿಲ್ಲ. ಈ ವಿಷಯ ಯಾರಿಗೂ ಹೇಳಬೇಡಿ."

"ಹೇಳಲ್ಲ ಸಾಹೇಬ್ರೇ. ಹಾಗಾದ್ರೆ ಆ ಆರ್ಡರ್ರು…"

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ," ಎಂದರು ಸಾಹೇಬರು ನೋವಿನಿಂದ. "ನಿಮ್ಮ ಬ್ರಷ್ ಕಂಡಾಗಲೆಲ್ಲ ನನಗೆ ಆ ಟಿವಿ ನೆನಪಾಗುತ್ತೆ. ಅದನ್ನ ಬೇಕರೀಲಿ ಇಟ್ಕೊಂಡು ನಾನು ಹೇಗೆ ಓಡಾಡಲಿ?" ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಒಂದೇ ಒಂದು ಕೊಡಿ. ಬೇಕರಿಗಲ್ಲ, ಮನೆಗೆ. ಬಹಳ ಮೃದುವಾಗಿದೆ."

ಬೋಳಪ್ಪ ಸಾಹೇಬರ ಕರ್ರಗಿನ ತಲೆಯನ್ನೊಮ್ಮೆ ನೋಡಿ, ಒಂದನ್ನು ಕಾಗದದಲ್ಲಿ ಸುತ್ತಿಕೊಟ್ಟ. ಸಾಹೇಬರು ಅದನ್ನು ಕೋಟಿನ ಒಳಜೇಬಿಗೆ ಇಳಿಸಿ ಹೊರಟುಹೋದರು.

ಸಾಮಾನು ಒಯ್ಯಲು ವ್ಯಾನ್ ತಂದಿದ್ದ ಭಾವ ಬಾಗಿಲಿನಿಂದ ಒಳಗೆ ಬರುವಷ್ಟರಲ್ಲಿ ಬಿಸ್ಕತ್ತಿನವರಿಂದ ಹಿಡಿದು ಎಲ್ಲರೂ ಅವನಿಗೆ ಸುದ್ದಿ ಮುಟ್ಟಿಸಿದ್ದರು.

"ನಿನ್ನ ಕೂದಲು ಉದುರಿ ಆರ್ಡರ್ ಹೋಯ್ತಂತೆ?"

ಬೋಳಪ್ಪ ಬಾಯಿ ತೆರೆದ. ಕೊಟ್ಟ ಮಾತು ನೆನಪಾಯಿತು. "ಹೌದು ಭಾವ," ಎಂದ.

ಭಾವ ಅವನ ತಲೆಯನ್ನು ಬೆಳಕಿಗೆ ತಿರುಗಿಸಿ, ಮುಂದೆ ಹಿಂದೆ, ಕಿವಿಯ ಸಂದಿ, ಎಲ್ಲ ಕಡೆ ಹುಡುಕಿದ.

"ಇಷ್ಟು ವರ್ಷ ಒಂದೂ ಇಲ್ಲ ಅಂದ್ಕೊಂಡಿದ್ದೆ," ಎಂದ ಬೇಸರದಿಂದ. "ಇದ್ದ ಒಂದನ್ನೂ ಜೇನಿಗೆ ಹಾಕಿದ್ಯಲ್ಲೋ."

ಅಷ್ಟರಲ್ಲಿ ಎದುರಿನ ಟೋಪಿಯವನು ಸಂಕೋಚದಿಂದ ಬಂದು, "ಎಲ್ಲ ನಿಮ್ಮಿಂದಾನೇ ಆಗಿದ್ದು ಅಣ್ಣ," ಎಂದು ಒಂದು ಕಾಗದದ ಟೋಪಿಯನ್ನು ಬೋಳಪ್ಪನ ಕೈಗಿತ್ತ. ಭಾವ ಅದನ್ನು ಹಿಗ್ಗಿಸಿ ನೋಡಿ ತಲೆದೂಗಿದ.

"ನಾಳೆ ಅಂಗಡಿಗೆ ಬರೋವಾಗ ಇದನ್ನ ಹಾಕ್ಕೊಂಡೇ ಬಾ. ಎಲ್ಲ ಬಿಳೀ ಹಾಸಿಗೆ, ಒಂದು ಕೂದಲು ಬಿದ್ರೂ ಗಿರಾಕಿಗೆ ಕಾಣುತ್ತೆ."

ಬೋಳಪ್ಪ ಟೋಪಿ ಹಾಕಿಕೊಂಡ. ಅಳತೆ ಸರಿಯಾಗಿತ್ತು.